ಮೊದಲೇ ಬರೆದಿಟ್ಟ ಠರಾವು

ವರ್ಷಕ್ಕೊಮ್ಮೆ ನಾನು ಬ್ಯಾಂಕಿಗೆ ಹೋಗಿ, ಇನ್ನೂ ಬದುಕಿದ್ದೇನೆಂದು ತೋರಿಸಿ ಬರಬೇಕು. ಪೆನ್ಶನ್ ಉಣ್ಣುವವರ ಹಣೆಬರಹವೇ ಅದು. ಮನೆಯಲ್ಲಿ ಮೂರು ಹೊತ್ತು ಉಣ್ಣುತ್ತೇನೆ, ಎರಡು ಹೊತ್ತು ಹೆಂಡತಿಯ ಜೊತೆ ಜಗಳ ತೆಗೆಯುತ್ತೇನೆ, ನಡುವೆ ಸಮಯ ಸಿಕ್ಕರೆ ಕೆಮ್ಮುತ್ತೇನೆ. ಇದಾವುದೂ ಪುರಾವೆಯಲ್ಲವಂತೆ. ಅವರು ಕೊಟ್ಟ ಕಾಗದಕ್ಕೆ ಸಹಿ ಹಾಕಿ, ಒಂದು ಸಣ್ಣ ಗಾಜಿನ ಮೇಲೆ ಹೆಬ್ಬೆರಳಿಡಬೇಕು, ಅದು ಒಳಗಿನಿಂದ ಕೆಂಪಗಾಗಿ, ಹೌದಪ್ಪಾ, ಈ ಮಾಸ್ತರ ಇನ್ನೂ ಇದ್ದಾನೆ ಎಂದು ಒಪ್ಪಿಕೊಳ್ಳಬೇಕು. ಈ ಸಲ ಗಾಜು ಒಪ್ಪಲಿಲ್ಲ. ಬೆರಳನ್ನು ಅಂಗಿಗೆ ಒರೆಸಿದೆ, ಬಾಯಿಂದ ಊದಿದೆ, ಯಾರೂ ನೋಡದಂತೆ ಸ್ವಲ್ಪ ಉಗುಳನ್ನೂ ಹಚ್ಚಿದೆ. ಊಹೂಂ.

"ಸರ್ರ, ನಿಮ್ಮ ಗೆರಿ ಸವದಾವ್ರಿ," ಎಂದಳು ಕೌಂಟರಿನ ತರುಣಿ. ಹಲ್ಲು ಸವೆದದ್ದು ಗೊತ್ತಿತ್ತು, ಮೊಣಕಾಲು ಸವೆದದ್ದು ಗೊತ್ತಿತ್ತು. ಗೆರೆಯೂ ಸವೆಯುತ್ತದೆಂದು ಅವತ್ತೇ ಗೊತ್ತಾದದ್ದು. "ಇರಲಿ ತಗೋರಿ, ಕಾಗದದ ಮ್ಯಾಲ ಸಹಿ ಮಾಡಿ, ಈ ಸಲ ಹೆಬ್ಬಟ್ಟನೂ ಅಲ್ಲೇ ಒತ್ತಿಬಿಡ್ರಿ" ಎಂದು ಅವಳು ಡ್ರಾವರಿನೊಳಗಿಂದ ತಗಡಿನ ಡಬ್ಬಿಯ ಹಳೆಯ ಸ್ಟ್ಯಾಂಪ್ ಪ್ಯಾಡ್ ತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದೆ ತಳ್ಳಿದಳು.

ಆ ವಾಸನೆ! ಅರ್ಧ ಎಣ್ಣೆ, ಅರ್ಧ ಔಷಧ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯಿತು.

"ಯಾಕ್ರಿ ಸರ್ರ? ಚುಚ್ಚೂದಿಲ್ರಿ ಅದು," ಎಂದು ಅವಳು ನಕ್ಕಳು. ಆಮೇಲೆ ಪ್ಯಾಡಿನ ಮೇಲೆ ತನ್ನದೇ ಬೆರಳಾಡಿಸಿ, "ಅಯ್ಯ, ಒಣಗೇತ್ರಿ ಇದು. ಕೂಡ್ರಿ, ಶಾಯಿ ತರತೇನಿ" ಎಂದು ಒಳಗೆ ಹೋದಳು. ನಮ್ಮ ಕಡೆ ಶಾಯಿ ತರಲು ಹೋದವರು ಚಹಾ ಕುಡಿದೇ ಬರುತ್ತಾರೆ. ಅಂದರೆ ನಿಮಗೂ ನನಗೂ ಸಾಕಷ್ಟು ಸಮಯವಿದೆ. ಆ ವಾಸನೆಗೆ ನಾನು ಕೈ ಹಿಂದಕ್ಕೆ ತೆಗೆದುಕೊಂಡದ್ದೇಕೆಂದು ಅಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ನಮ್ಮೂರಿನ ಹೆಸರು ಮಾತ್ರ ಕೇಳಬೇಡಿ. ಗೋಕಾಕ, ಹುಕ್ಕೇರಿ, ಮೂಡಲಗಿಗಳ ನಡುವೆ ಎಲ್ಲೋ ಒಂದು ಕಡೆ ಇದೆ. ಗೋಕಾಕದವರು ಇದು ಹುಕ್ಕೇರಿಯ ಕತೆ ಎಂದುಕೊಳ್ಳಲಿ, ಹುಕ್ಕೇರಿಯವರು ಮೂಡಲಗಿಯದೆನ್ನಲಿ, ಮೂಡಲಗಿಯವರು ಗೋಕಾಕದ ಕಡೆ ಬೆರಳು ತೋರಿಸಲಿ. ಹೀಗೆ ಮಾಡಿದರೆ ಮೂರೂ ಕಡೆಯವರು ನನ್ನನ್ನು ಚಹಾಕ್ಕೆ ಕರೆಯುತ್ತಾರೆ. ನಿಜ ಹೇಳಿದರೆ ಒಬ್ಬರೂ ಕರೆಯುವುದಿಲ್ಲ.

ಊರಿನ ನಡುವೆ ಒಂದು ಚೌಕವಿದೆ. ಮೂರು ರಸ್ತೆಗಳು ಬಂದು ಕೂಡುವ ಜಾಗ. ನಡುವೆ ದೊಡ್ಡದೊಂದು ಬೇವಿನ ಗಿಡ, ಅದರ ಸುತ್ತ ಕಲ್ಲಿನ ಕಟ್ಟೆ. ಮಧ್ಯಾಹ್ನ ನನ್ನಂಥ ಕೆಲಸವಿಲ್ಲದವರು ಆ ಕಟ್ಟೆಯ ಮೇಲೆ ಕುಳಿತು ದೇಶ ನಡೆಸುತ್ತೇವೆ. ಸಂಜೆ ಅಲ್ಲಿ ಮಿರ್ಚಿ ಭಜಿಯ ಗಾಡಿ ನಿಲ್ಲುತ್ತದೆ. ಎಣ್ಣೆಯ ವಾಸನೆಗೆ ದೇಶವನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗುತ್ತೇವೆ. ಆದರೆ ಮುಂಜಾನೆ ಮಾತ್ರ ಆ ಕಟ್ಟೆ ಹೆಣ್ಣಾಳುಗಳದು. ಸುತ್ತಲಿನ ಹಳ್ಳಿಗಳಿಂದಲೂ ನಮ್ಮೂರಿನ ಓಣಿಗಳಿಂದಲೂ ಹೆಣ್ಣುಮಕ್ಕಳು ಬುತ್ತಿ ಗಂಟು ಕಟ್ಟಿಕೊಂಡು, ಕುಡುಗೋಲು ಹಿಡಿದುಕೊಂಡು ಏಳು ಗಂಟೆಗೆ ಬಂದು ನಿಲ್ಲುತ್ತಾರೆ. ಹೊಲದವರು ಬರುತ್ತಾರೆ. ಇವತ್ತು ಅರಭಾವಿ ಕಡೆ ಅರಿಷಿಣದಲ್ಲಿ ಕಸ ತೆಗೆಯುವುದಿದೆ, ಕಲ್ಲೋಳಿ ಕಡೆ ಕಬ್ಬಿನ ಕೆಲಸವಿದೆ, ಘೋಡಗೇರಿಗೆ ಹತ್ತು ಆಳು ಬೇಕು ಎಂದು ಕೂಗುತ್ತಾರೆ. ಎಲ್ಲರ ಎದುರಿಗೆ, ಎಲ್ಲರಿಗೂ ಕೇಳುವಂತೆ, ಅವತ್ತಿನ ಪಗಾರ ಎಷ್ಟೆಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಒಂದೊಂದು ಟಂಟಂ ಗಾಡಿಯಲ್ಲಿ, ಎಷ್ಟು ಜನ ಹಿಡಿಯುತ್ತಾರೆಂದು ಪೊಲೀಸರಿಗೂ ಹೇಳಬಾರದಷ್ಟು ಜನ ಹತ್ತಿ ಹೋಗುತ್ತಾರೆ.

ಈ ಹೆಣ್ಣಾಳುಗಳ ಮುಂದಾಳು ದುಂಡವ್ವ. ಐವತ್ತರ ಆಸುಪಾಸಿನವಳು, ಸಣಕಲು ಮೈ, ಗಟ್ಟಿ ಗಂಟಲು. ಅವಳ ಮಗಳಿಗೆ ನಾನು ನಾಲ್ಕನೆಯ ಇಯತ್ತೆಯಲ್ಲಿ ಮಗ್ಗಿ ಕಲಿಸಿದ್ದೆ. ದುಂಡವ್ವನಿಗೆ ಓದು ಬರಹ ಬರುವುದಿಲ್ಲ. ಬಾಯಿಲೆಕ್ಕದಲ್ಲಿ ಮಾತ್ರ ಅವಳೆದುರು ನಾನು ನಿಲ್ಲಲಾರೆ.

ಇನ್ನು ನನ್ನ ವಿಷಯ. ನನಗೆ ದೇವರು ಬುದ್ಧಿ ಕೊಡುವಾಗ ಕೈ ಹಿಡಿತ ಮಾಡಿದ, ಅಕ್ಷರ ಕೊಡುವಾಗ ಧಾರಾಳಿಯಾದ. ನನ್ನ ಅಕ್ಷರ ಮುತ್ತಿನಂತಿವೆ ಎಂದು ಮೂರು ತಾಲೂಕಿನಲ್ಲಿ ಹೆಸರು. ಅದರಿಂದ ನನಗೆ ಸಿಕ್ಕ ಲಾಭವೆಂದರೆ ಜೀವಮಾನವಿಡೀ ಪುಕ್ಕಟೆ ಬರೆಯುವ ಕೆಲಸ: ಲಗ್ನದ ಕರೆಯೋಲೆಯ ವಿಳಾಸ, ಸಂಘದ ಅರ್ಜಿ, ಎಲ್ಲಕ್ಕಿಂತ ಹೆಚ್ಚಾಗಿ ಸಭೆಗಳ ಠರಾವು, ಅಂದರೆ ಗೊತ್ತುವಳಿ. ಠರಾವು ಬರೆಯುವುದರಲ್ಲಿ ನಮ್ಮ ಕಡೆ ಒಂದು ಪದ್ಧತಿ ಇದೆ. ಸಭೆ ನಾಳೆ ಇದ್ದರೆ ಠರಾವನ್ನು ಇವತ್ತೇ ಬರೆದಿಡುವುದು. ನಗಬೇಡಿ. ಸಭೆಯಲ್ಲಿ ಗದ್ದಲವಿರುತ್ತದೆ, ಮೇಜು ಅಲ್ಲಾಡುತ್ತದೆ, ಚಹಾ ಚೆಲ್ಲುತ್ತದೆ, ಅಕ್ಷರ ಕೆಡುತ್ತವೆ. ಅದಕ್ಕೇ ಹಿಂದಿನ ದಿನ ಮನೆಯಲ್ಲಿ ಚಾಪೆಯ ಮೇಲೆ ಕುಳಿತು, "ಸವಿಸ್ತಾರವಾಗಿ ಚರ್ಚಿಸಿ ಸರ್ವಾನುಮತದಿಂದ ಠರಾಯಿಸಲಾಯಿತು" ಎಂದು ನಿವಾಂತವಾಗಿ ಬರೆಯುವುದು. ಎರಡು ಜಾಗ ಮಾತ್ರ ಖಾಲಿ ಬಿಡುವುದು: ಸೂಚಕರು, ಅನುಮೋದಕರು. ಸಭೆ ಮುಗಿದ ಮೇಲೆ ಅಲ್ಲಿ ಹೆಸರು ತುಂಬಿದರೆ ಆಯಿತು. ಅದಕ್ಕೂ ಪದ್ಧತಿ ಉಂಟು. ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವರು ಸೂಚಕರು. ಎಲ್ಲರಿಗಿಂತ ವಯಸ್ಸಾದವರು, ನಿದ್ದೆ ಹೋಗಿದ್ದರೂ ಚಿಂತೆಯಿಲ್ಲ, ಅನುಮೋದಕರು. ಇದು ಅವರಿಗೆ ಸಲ್ಲಿಸುವ ಮರ್ಯಾದೆ. ಸಾಲೆಯ ಸಮಿತಿಯಲ್ಲಿ ಎಷ್ಟೋ ವರ್ಷ ಹೀಗೇ ನಡೆಸಿದೆ. ಆಕಾಶ ಕಳಚಿ ಬೀಳಲಿಲ್ಲ. ಸಾಲೆಯ ಮಾಳಿಗೆ ಒಂದು ಸಲ ಬಿತ್ತು, ಅದಕ್ಕೂ ಠರಾವಿಗೂ ಸಂಬಂಧವಿಲ್ಲ.

ಹೀಗಿರಲು, ಊರಿನ ಆಡಳಿತ ನೋಡುವ ದೊಡ್ಡವರಿಗೆ ಚೌಕವನ್ನು ಚೆಂದ ಮಾಡುವ ಮನಸ್ಸಾಯಿತು. ಚೌಕ ಅದಕ್ಕೂ ಮೊದಲೇ ಚೆಂದವಿತ್ತು ಎಂದು ಅವರಿಗೆ ಹೇಳುವವರಿರಲಿಲ್ಲ. ಬೇವಿನ ಗಿಡ ತೆಗೆದು, ಕಟ್ಟೆ ಒಡೆದು, ಬಣ್ಣದ ದೀಪದ ಕಾರಂಜಿ, ಸುತ್ತ ಕಬ್ಬಿಣದ ಕಟಾಂಜನ, ಹುಲ್ಲು, ಹುಲ್ಲು ತುಳಿಯಬಾರದೆಂಬ ಬೋರ್ಡು. ಆದರೆ ಮೇಲಿನವರ ಹುಕುಂ ಬಂದಿತ್ತು: ಊರ ಮಂದಿಯ ಅಭಿಪ್ರಾಯ ಕೇಳಿಯೇ ಕೆಲಸ ಹಿಡಿಯಬೇಕು. ಊರ ಮಂದಿಯ ಅಭಿಪ್ರಾಯ ಬೇಕೆಂದರೆ ಮೊದಲು ನನ್ನ ಅಕ್ಷರ ಬೇಕು. ಆ ದೊಡ್ಡವರಲ್ಲಿ ಹಿರಿಯ ಸಾಹೇಬರು ಸ್ವತಃ ಮನೆಗೆ ಬಂದರು. ಅವರ ಜೊತೆ ದೂರದ ಊರಿನ ಎಂಜಿನಿಯರೊಬ್ಬ, ಕೈಯಲ್ಲಿ ಕರದಂಟಿನ ಡಬ್ಬಿ. ಎಂಜಿನಿಯರ ನಕ್ಷೆ ಬಿಚ್ಚಿ ಒಂದು ಮೂಲೆಯಲ್ಲಿ ಬೆರಳಿಟ್ಟು, "ಸರ್, ಇಲ್ಲಿ ಬೆನ್ನಿಗೆ ಆಸರೆ ಇರುವ ಬೆಂಚು ಹಾಕುತ್ತೇವೆ. ನಿಮ್ಮಂಥ ಹಿರಿಯರಿಗಾಗಿ" ಎಂದ.

ನಾನು ಮಾರಿಹೋದದ್ದು ಅಲ್ಲಿಯೇ. ಬೇರೆಯವರು ಹೊಲಕ್ಕೆ, ಪ್ಲಾಟಿಗೆ ಮಾರಿಹೋಗುತ್ತಾರೆ. ನಾನು ಒಂದು ಬೆಂಚಿನ ಬೆನ್ನಿಗೆ ಮಾರಿಹೋದೆ. ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತರೆ ನನ್ನ ನಡು ಬಿದ್ದುಹೋಗುತ್ತದೆ ಎಂಬುದು ಅವನಿಗೆ ಯಾರು ಹೇಳಿದರೋ! ಅವತ್ತು ಮಧ್ಯಾಹ್ನವೇ ಕುಳಿತು, ಕರದಂಟು ಅಗಿಯುತ್ತ, ಮೂರು ಪುಟದ ಠರಾವು ಬರೆದೆ. ಅಂಥ ಚೆಂದದ ಅಕ್ಷರ ನನ್ನ ಲಗ್ನಪತ್ರಿಕೆಯಲ್ಲಿಯೂ ಬರೆದಿರಲಿಲ್ಲ.

ಸಭೆ ಮರುದಿನ, ಬುಧವಾರ ಹನ್ನೊಂದು ಗಂಟೆಗೆ, ಸಭಾಭವನದಲ್ಲಿ. ಹನ್ನೊಂದು ಗಂಟೆಗೆ ಹೆಣ್ಣಾಳುಗಳು ಹೊಲದಲ್ಲಿ ಬೆನ್ನು ಬಗ್ಗಿಸಿರುತ್ತಾರೆ, ಬರಲಾರರು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅವತ್ತು ದುಂಡವ್ವ ಒಂದು ದಿನದ ಪಗಾರಕ್ಕೆ ನೀರು ಬಿಟ್ಟು ಮೂವತ್ತನಾಲ್ಕು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಬಾಗಿಲಲ್ಲೇ ಮೇಜು. ಮೇಜಿನ ಮೇಲೆ ಠರಾವಿನ ಬುಕ್ಕು, ಸಹಿಯ ಪುಟಕ್ಕೆ ತೆರೆದದ್ದು. ಬಾಜೂಕ್ಕೆ ಸ್ಟ್ಯಾಂಪ್ ಪ್ಯಾಡು. ಅದರ ಬಾಜೂಕ್ಕೆ ಶಿರಾ, ಉಪ್ಪಿಟ್ಟಿನ ಪ್ಲೇಟುಗಳು. "ಹೆಬ್ಬಟ್ಟ ಒತ್ರಿ, ನಾಷ್ಟಾ ತಗೋರಿ, ಒಳಗ ಕೂಡ್ರಿ" ಎಂದು ಜವಾನ ಕೂಗುತ್ತಿದ್ದ. ಬಂದವರೆಲ್ಲ ಹಾಜರಿ ಹಾಕಿದಂತೆ ಒತ್ತಿದರು. ಒಬ್ಬೊಬ್ಬರೂ ಶಾಯಿಯ ಬೆರಳನ್ನು ಸೆರಗಿಗೆ ಹತ್ತದಂತೆ ಮೇಲೆತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಶಿರಾ ಹಿಡಿದು ಒಳಗೆ ಬಂದರು. ಸಭಾಭವನದ ತುಂಬ ತುಪ್ಪ ಮತ್ತು ಶಾಯಿಯ ವಾಸನೆ. ಒಂದು ಪುಟ ಹಿಂದಕ್ಕೆ ತಿರುವಿದ್ದರೆ ಬರೆದಿಟ್ಟ ಠರಾವು ಕಂಡು ಅಲ್ಲಿಗೇ ಮುಗಿದಿತ್ತು. ಸಭೆಗೆ ಬಂದಿದ್ದ, ಓದು ಬಲ್ಲ ವಕೀಲರೂ ಅವತ್ತು ತಿರುವಲಿಲ್ಲ. ಶಿರಾದಲ್ಲಿ ಗೋಡಂಬಿ ಬಹಳ ಹಾಕಿದ್ದರು.

ಎಂಜಿನಿಯರ ಗೋಡೆಯ ಮೇಲೆ ಚಿತ್ರ ತೋರಿಸಿದ. ಚಿತ್ರದಲ್ಲಿ ನಮ್ಮ ಚೌಕದಲ್ಲಿ ಟೊಪ್ಪಿಗೆ ಹಾಕಿದ ಬಿಳಿ ಬಣ್ಣದ ಹೆಂಗಸೊಬ್ಬಳು ನಾಯಿ ಹಿಡಿದುಕೊಂಡು ಅಡ್ಡಾಡುತ್ತಿದ್ದಳು.

"ಈ ಹೆಣ್ಣಮಗಳು ಯಾರ ಮನಿಯಾಕಿರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಅದು ಸುಮ್ಮನೆ, ಉದಾಹರಣೆಗೆ," ಎಂದ ಎಂಜಿನಿಯರ.

"ಉದಾಹರಣಿಗೆ ನಮ್ಮ ಹೆಣ್ಣಮಕ್ಕಳ ಸಿಗಲಿಲ್ಲೇನ್ರಿ?"

ಆಮೇಲೆ ಅಭಿಪ್ರಾಯಗಳು ಬಂದವು. ನಮ್ಮ ಕಡೆ ಅಭಿಪ್ರಾಯ ಕೇಳಿದರೆ, ಕೇಳಿದ ವಿಷಯವೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಹೇಳುತ್ತಾರೆ. ಒಬ್ಬರು ಮೂತ್ರಿಖಾನೆ ಬೇಕೆಂದರು. ಒಬ್ಬರು ತಮ್ಮ ಅಜ್ಜನ ಪುತ್ಥಳಿ ಇಡಿರೆಂದರು. ಅಜ್ಜ ಏನು ಮಾಡಿದ್ದರೆಂದು ಕೇಳಿದ್ದಕ್ಕೆ "ಏನೂ ಮಾಡಿಲ್ರಿ, ಯಾರಿಗೂ ತ್ರಾಸ ಕೊಟ್ಟಿಲ್ಲ" ಎಂದರು. ಪುತ್ಥಳಿಗೆ ಅದಕ್ಕಿಂತ ದೊಡ್ಡ ಅರ್ಹತೆ ನನಗೂ ತೋಚಲಿಲ್ಲ. ಇಷ್ಟೆಲ್ಲ ಆದ ಮೇಲೆ ದುಂಡವ್ವ ಎದ್ದು ನಿಂತಳು.

"ಸಾಹೇಬ್ರ, ನಾ ಸಾಲಿ ಕಲತಾಕಿ ಅಲ್ರಿ. ಆದ್ರ ಒಂದ ಮಾತ ಕೇಳ್ರಿ. ಆ ಕಟ್ಟಿ ಮ್ಯಾಲ ನಾವು ಮೂವತ್ತು ಮಂದಿ ಕೂಡಿ ನಿಂತಾಗ ಹೊಲದಾವ್ರು ಒಂದ ಮಾತ ಆಡತಾರ್ರಿ. ಕಟ್ಟಿ ಹೋದ್ರ ನಾವು ಚದರತೇವಿ. ಒಬ್ಬಾಕಿ ಬಸ್‌ಸ್ಟ್ಯಾಂಡ್ ಹಿಂದ ಗಟಾರದ ಬಾಜೂ ನಿಂತಿದ್ರ ಬ್ಯಾರೆ ಮಾತ ಆಡತಾರ. ನಿನ್ನ ಗೆಳತಿ ಇಷ್ಟಕ್ಕ ಬರತೇನಂದಾಳ, ನೀ ಯಾಕ ಒಲ್ಲಿ ಅಂತಾರ. ಗೆಳತಿ ಎಲ್ಲಿ ನಿಂತಾಳ ಅಂತ ನನಗ ಹೆಂಗ ಗೊತ್ತಾಗಬೇಕ್ರಿ? ಆ ಗಿಡದ ಬುಡಕ ಎಲ್ಲಾರೂ ಎಲ್ಲಾರಿಗೂ ಕಾಣಸ್ತೇವಿ. ನಿಮ್ಮ ಕಾರಂಜಿ ಚಲೋ ಐತಿ, ಬ್ಯಾಡ ಅನ್ನೂದಿಲ್ಲ. ಬ್ಯಾರೆ ಕಡೆ ಹಾರಸ್ರಿ ಅದನ್ನ. ನಮ್ಮ ಕಟ್ಟಿ ಮುಟ್ಟಬ್ಯಾಡ್ರಿ."

ಇನ್ನೂ ಬಹಳ ಹೇಳಿದಳು. ಅಂಥ ಮಾತು ನಾನು ಆ ಭವನದಲ್ಲಿ ಕೇಳಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿದರು. ನಾನಂತೂ ಶಿರಾದ ಪ್ಲೇಟು ಕೆಳಗಿಟ್ಟು ತಟ್ಟಿದೆ. ಸಭೆ ಮುಗಿಯಿತು. ಜವಾನ ಬುಕ್ಕು ತಂದು, "ಮಾಸ್ತರ, ಸೂಚಕರು ಯಾರ್ರಿ?" ಎಂದ.

ಈಗ ಹೇಳುವುದನ್ನು ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ನನಗೆ ಅವತ್ತು ದುಂಡವ್ವನ ಮೇಲೆ ಖರೆ ಖರೆ ಅಭಿಮಾನ ಉಕ್ಕಿತ್ತು. ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ಅವಳೇ. ಮರ್ಯಾದೆ ಅವಳಿಗೇ ಸಲ್ಲಬೇಕು. ಪೆನ್ನು ಬಿಚ್ಚಿ, "ಸೂಚಕರು: ಶ್ರೀಮತಿ ದುಂಡವ್ವ" ಎಂದು, ಹೆಸರಿನ ಕೆಳಗೆ ಸಣ್ಣದೊಂದು ಬಳ್ಳಿಯ ಗೆರೆ ಸಹಿತ ಬರೆದೆ. ಅದರ ಮೇಲಿನ ಮೂರು ಪುಟದಲ್ಲಿ ಏನಿತ್ತು ಎಂಬುದು ಆ ಗಳಿಗೆಯಲ್ಲಿ ನನ್ನ ತಲೆಗೇ ಬರಲಿಲ್ಲ. ಬರೆದವನು ನಾನೇ! ಕೈ ಬರೆದಿತ್ತು, ತಲೆ ಬೆಂಚಿನ ಮೇಲೆ ಒರಗಿ ಕುಳಿತಿತ್ತು.

ಎಂಟು ಹತ್ತು ದಿನ ಕಳೆದಿರಬೇಕು. ಒಂದು ಸಂಜೆ ದುಂಡವ್ವ ಮನೆಯ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಒಂದು ಕಾಗದ ಚಾಚಿದಳು. ಸಾಹೇಬರ ಕಚೇರಿಯಲ್ಲಿ ಜಗಳಾಡಿ ಠರಾವಿನ ನಕಲು ತಂದಿದ್ದಳು.

"ಗಿಡಕ್ಕ ಸುಣ್ಣದ ಗುರುತ ಹಾಕ್ಯಾರ್ರಿ, ಮಾಸ್ತರ. ಸೋಮವಾರ ಕಡೀತಾರಂತ. ಕೇಳಾಕ ಹೋದ್ರ, ನೀವ ಹೇಳೀರಲ್ಲ ಅಂತಾರ. ನಾ ಏನ ಹೇಳೇನಿ, ಓದ್ರಿ ಸ್ವಲ್ಪ."

ಓದಿದೆ. ಕಾರಂಜಿಯಿಂದ ಊರಿನ ಘನತೆ ಹೆಚ್ಚುವುದೆಂದೂ, ಕಟ್ಟೆ ಮತ್ತು ಮರದಿಂದ ಸಂಚಾರಕ್ಕೆ ಅಡಚಣೆಯಾಗಿದ್ದು ಕೂಡಲೇ ತೆಗೆಯತಕ್ಕದ್ದೆಂದೂ, ಸವಿಸ್ತಾರವಾಗಿ ಚರ್ಚಿಸಿ ಸರ್ವಾನುಮತದಿಂದ. ಕೊನೆಯ ಸಾಲಿಗೆ ಬಂದಾಗ ನನ್ನ ದನಿ ತಾನೇ ಸಣ್ಣದಾಯಿತು.

"ಅದೇನ ಗಪ್ಪನ ಓದಿದ್ರಿ?"

"ಸೂಚಕರು, ದುಂಡವ್ವ," ಎಂದೆ.

"ಅಂದ್ರ?"

"ಅಂದ್ರ... ಕಟ್ಟಿ ಒಡೀರಿ ಅಂತ ಹೇಳಿದಾಕಿ ನೀನ ಅಂತ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಬಾಯಿಮಾಡಿ ಹೇಗೋ ಪಾರಾಗುತ್ತಿದ್ದೆ. ಕಾಗದ ಇಸಿದುಕೊಂಡು, ತಿರುಗಿಸಿ ಮುರುಗಿಸಿ, ತನ್ನ ಹೆಸರು ಎಲ್ಲಿದೆ ತೋರಿಸಿರೆಂದಳು. ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು.

"ಚೆಂದ ಬರದೀರಿ ಬಿಡ್ರಿ. ನಿಮ್ಮ ಅಕ್ಷರ ಮುತ್ತಿನಂಗ ಅದಾವ ಅಂತ ಮಂದಿ ಅಂತಾರ. ಹೆಣ್ಣಮಕ್ಕಳು ನನ್ನ ಕೂಡ ಮಾತ ಬಿಟ್ಟಾರ್ರಿ, ಮಾಸ್ತರ. ದುಂಡವ್ವ ಎದುರಿಗೆ ಒಂದ ಮಾತಾಡಿ, ಹಿಂದಿಂದ ಸಾಹೇಬ್ರ ಕಡೆ ಏನೋ ತಗೊಂಡು ಕಟ್ಟಿ ಮಾರ್‍ಯಾಳ ಅಂತಾರ. ನಿನ್ನೆ ಟಂಟಂದಾಗ ನನಗ ಜಾಗಾನ ಬಿಡಲಿಲ್ಲ. ನಡಕೋತ ಹೋದ್ನಿ."

ಒಳಗಿನಿಂದ ನಮ್ಮಾಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದುಂಡವ್ವನಿಗೆ ನೀರು ಕೊಟ್ಟಳು. ನನಗೆ ಪೆನ್ನು, ಬಿಳಿ ಹಾಳೆ ತಂದು ಕೊಟ್ಟು, "ಬರೀರಿ," ಎಂದಳು. ಏನು ಬರೆಯಬೇಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ನನಗೆ ನಾಚಿಕೆಯಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ, ಬಹಳ ನಾಚಿಕೆಯಾಗಿತ್ತು. ಠರಾವು ಸಭೆಯ ಹಿಂದಿನ ದಿನವೇ ನಾನು ಬರೆದದ್ದು, ಸಭೆಯಲ್ಲಿ ದುಂಡವ್ವ ಇದಕ್ಕೆ ಪೂರ್ತಿ ವಿರುದ್ಧ ಹೇಳಿದ್ದಾಳೆ, ಹೆಬ್ಬೆಟ್ಟು ಒತ್ತಿದವರಿಗೆ ಯಾರೂ ಓದಿ ಹೇಳಿಲ್ಲ ಎಂದು ಬರೆದೆ. ಅದೂ ಮುತ್ತಿನಂಥ ಅಕ್ಷರದಲ್ಲೇ ಬಂತು. ಹಾಳಾದ ಕೈ, ಅದಕ್ಕೆ ಬೇರೆ ಬರುವುದೇ ಇಲ್ಲ.

ಮರುದಿನ ಇಬ್ಬರೂ ತಾಲೂಕಿನ ದೊಡ್ಡ ಅಧಿಕಾರಿಯ ಮುಂದೆ ನಿಂತೆವು. ಅವರು ಠರಾವಿನ ನಕಲನ್ನೂ ನನ್ನ ಅರ್ಜಿಯನ್ನೂ ಬಾಜೂಕ್ಕೆ ಬಾಜೂಕ್ಕೆ ಇಟ್ಟುಕೊಂಡು, ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಎರಡೂ ನಿಮ್ಮ ಅಕ್ಷರನ ಅದಾವಲ್ರಿ. ಇದರಾಗ ಖರೆ ಯಾವುದು?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ನನ್ನ ಜೀವಮಾನದ ಧರ್ಮ. "ಎರಡರಾಗೂ ಸ್ವಲ್ಪ ಸ್ವಲ್ಪ..." ಎಂದು ಸುರು ಮಾಡಿದೆ. ಬದಿಗೆ ನಿಂತಿದ್ದ ದುಂಡವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಓದಲು ಬಾರದವರು ಮಾತಾಡುವವರ ಬಾಯನ್ನು ಹಾಗೇ ನೋಡುತ್ತಾರೆ.

"ಮೊದಲಿಂದು ಸುಳ್ಳರಿ, ಸಾಹೇಬ್ರ. ಸಭಾ ಆಗೂಕಿಂತ ಮೊದಲ ಬರದಿಟ್ಟಿದ್ನಿ. ಈಕಿ ಹೆಸರ ಹಾಕಿದಾವನೂ ನಾನ," ಎಂದೆ.

ಅಧಿಕಾರಿ ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡಿದ್ದೆ. ಅವರು ನಕ್ಕರು. "ಎಲ್ಲಾ ಊರಾಗೂ ಮೊದಲ ಬರದಿಡತಾರ್ರಿ ಮಾಸ್ತರ. ಬರದೇನಿ ಅಂತ ಹೇಳಾಕ ಬಂದಾವ್ರು ನೀವ ಮೊದಲ್ನೇದಾವ್ರು ನೋಡ್ರಿ" ಎಂದರು. ಇದು ಹೊಗಳಿಕೆಯೋ ಬೈಗುಳವೋ ನನಗೆ ಇನ್ನೂ ತಿಳಿದಿಲ್ಲ. ಗಿಡ ಕಡಿಯುವುದನ್ನು ನಿಲ್ಲಿಸಿ, ಇನ್ನೊಂದು ಸಲ ಸಭೆ ಮಾಡಿರೆಂದು ಬರೆದರು. ಎಲ್ಲಿ, ಎಷ್ಟು ಹೊತ್ತಿಗೆ ಮಾಡಬೇಕೆಂದು ಕೇಳಿದಾಗ ದುಂಡವ್ವ ತಡ ಮಾಡಲಿಲ್ಲ. "ಗಿಡದ ಬುಡಕ, ಮುಂಜಾನಿ ಏಳಕ್ಕರಿ. ನಾವೆಲ್ಲಾ ಅಲ್ಲೇ ಇರತೇವಿ."

ಆ ಮುಂಜಾನೆಯನ್ನು ನಾನು ಮರೆಯಲಾರೆ. ಗಿಡಕ್ಕೆ ಹಾಕಿದ ಸುಣ್ಣದ ಗುರುತು ಹಾಗೇ ಇತ್ತು. ಸಾಹೇಬರು ನಿದ್ದೆಗಣ್ಣಲ್ಲಿ ಬಂದರು, ಎಂಜಿನಿಯರ ಆಕಳಿಸುತ್ತ ಬಂದ. ಜವಾನ ರೂಢಿಯಂತೆ ಉಪ್ಪಿಟ್ಟಿನ ಪಾತೇಲಿ ಇಳಿಸಿ, ಸ್ಟ್ಯಾಂಪ್ ಪ್ಯಾಡ್ ಬಿಚ್ಚಿ, "ಹೆಬ್ಬಟ್ಟ ಒತ್ರಿ, ನಾಷ್ಟಾ ತಗೋರಿ" ಎಂದು ಕೂಗಿದ. ಒಬ್ಬರೂ ಮುಂದೆ ಬರಲಿಲ್ಲ. ನೋಡುತ್ತೇನೆ, ಕಟ್ಟೆಯ ಸುತ್ತ ನಿಂತ ಅಷ್ಟೂ ಹೆಣ್ಣುಮಕ್ಕಳು ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದುಕೊಂಡಿದ್ದಾರೆ! ಮೂವತ್ತು ನಲವತ್ತು ಮುಷ್ಟಿಗಳು. ಹಿಂದಿನ ದಿನವೇ ದುಂಡವ್ವ ಮನೆಮನೆಗೆ ಹೋಗಿ, ನಕಲನ್ನು ಓದು ಬಲ್ಲ ತನ್ನ ಮಗಳಿಂದ ಓದಿಸಿ, ಹೆಬ್ಬೆರಳು ಮಡಚಿಟ್ಟುಕೊಳ್ಳಿರೆಂದು ಹೇಳಿ ಬಂದಿದ್ದಳಂತೆ.

"ಮೊದಲ ಮಾತು," ಎಂದಳು ದುಂಡವ್ವ ಜವಾನನಿಗೆ. "ಆಮ್ಯಾಲ ಮಾಸ್ತರು ಬರೀತಾರ. ಬರದದ್ದು ಓದತಾರ. ಅದೆಲ್ಲಾ ಮುಗದ ಮ್ಯಾಲ ಹೆಬ್ಬಟ್ಟ. ನಿನ್ನ ಉಪ್ಪಿಟ್ಟು ಅದಕ್ಕೂ ಕಡೀಕ."

ಉಪ್ಪಿಟ್ಟು ಆರಿತು. ಮಾತು ನಡೆಯಿತು. ನಾನು ಮೊಣಕಾಲ ಮೇಲೆ ಬುಕ್ಕು ಇಟ್ಟುಕೊಂಡು, ಅವರು ಆಡಿದ್ದನ್ನು ಆಡಿದಂತೆ ಬರೆದೆ. ಜನ್ಮದಲ್ಲಿ ಮೊದಲ ಸಲ ಸಭೆ ನಡೆಯುವಾಗ ಠರಾವು ಬರೆದೆ. ಸಾಲು ಸೊಟ್ಟಾದವು, ಎಂಟು ಕಡೆ ಕಾಟು ಬಿತ್ತು. ಮುಗಿದ ಮೇಲೆ ಎದ್ದು ನಿಂತು ಓದಿದೆ: "ಕಟ್ಟೆ ಮತ್ತು ಗಿಡವನ್ನು ಸಾಧ್ಯವಾದಷ್ಟು ಉಳಿಸಿಕೊಂಡು..."

"ತಡೀರಿ," ಎಂದಳು ದುಂಡವ್ವ. "ಅದೇನ್ರಿ ಸಾಧ್ಯವಾದಷ್ಟು? ಅದನ್ನ ಯಾರ ಅಂದ್ರು?"

ಯಾರೂ ಅಂದಿರಲಿಲ್ಲ. ಅದು ನನ್ನ ಕೈಯ ಹಳೆಯ ಚಟ. "ಅಂದ್ರ, ಆದ್ರ ಉಳಸತಾರ, ಇಲ್ಲಂದ್ರ ಇಲ್ಲ," ಎಂದು ಒಪ್ಪಿಕೊಂಡೆ.

"ತಗೀರಿ ಅದನ್ನ."

ಹೊಡೆದು ಹಾಕಿದೆ. ಒಂಬತ್ತನೆಯ ಕಾಟು. ಮತ್ತೊಮ್ಮೆ ಮೊದಲಿನಿಂದ ಕೊನೆತನಕ ಓದಿಸಿದಳು. ಆಮೇಲೆ ಹೆಣ್ಣುಮಕ್ಕಳ ಕಡೆ ನೋಡಿ ತಲೆಯಾಡಿಸಿದಳು. ಒಂದೊಂದಾಗಿ ಮುಷ್ಟಿಗಳು ಬಿಚ್ಚಿದವು. ಟಂಟಂನಲ್ಲಿ ಜಾಗ ಬಿಡದಿದ್ದ ಹೆಣ್ಣುಮಗಳು ಮುಂದೆ ಬಂದು, "ಮೊದಲ ನೀ ಒತ್ತಬೇ, ದುಂಡಕ್ಕಾ" ಎಂದಳು. ದುಂಡವ್ವ ಮುಖ ಆ ಕಡೆ ತಿರುವಿಕೊಂಡು ಒತ್ತಿದಳು. ನನ್ನ ಕಣ್ಣಲ್ಲಿಯೂ ನೀರು ಬಂತು. ಉಪ್ಪಿಟ್ಟಿನ ಹಸಿಮೆಣಸಿನಕಾಯಿಯ ಘಾಟು ಎಂದು ಸಾಹೇಬರಿಗೆ ಹೇಳಿದೆ.

ಕಟ್ಟೆ ಉಳಿಯಿತು. ಮಂಜೂರಾದ ಕಾರಂಜಿಯನ್ನು ಹಿಂದಕ್ಕೆ ಕಳಿಸುವ ಪದ್ಧತಿ ಇಲ್ಲವಾದ್ದರಿಂದ ಅದನ್ನೂ ಚೌಕದ ಒಂದು ಮೂಲೆಯಲ್ಲಿ ಕಟ್ಟಿದರು. ಉದ್ಘಾಟನೆಯ ದಿನ ಅದು ನಾಲ್ಕು ಮೊಳ ಹಾರಿತು, ಸಾಹೇಬರ ಅಂಗಿ ತೋಯಿಸಿತು, ಆಮೇಲೆ ಹಾರಲೇ ಇಲ್ಲ. ಈಗ ಅದರ ಒಣ ತೊಟ್ಟಿಯಲ್ಲಿ ಹೆಣ್ಣುಮಕ್ಕಳು ಟಂಟಂ ಬರುವತನಕ ಬುತ್ತಿ ಗಂಟು ಇಡುತ್ತಾರೆ. ನಾಯಿ ಮುಟ್ಟುವುದಿಲ್ಲ, ಇರುವೆ ಏರುವುದಿಲ್ಲ; ಅಷ್ಟು ಉಪಯೋಗದ ಕಾರಂಜಿ ಬೇರೆ ಯಾವ ಊರಲ್ಲಿಯೂ ಇರಲಿಕ್ಕಿಲ್ಲ. ಬೆನ್ನಿರುವ ಬೆಂಚು ಮಾತ್ರ ಬರಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ನೋಡಿ, ಶಾಯಿ ತರಲು ಹೋದ ತರುಣಿ ಬಂದೇಬಿಟ್ಟಳು. ಪ್ಯಾಡಿನ ಮೇಲೆ ನಾಲ್ಕು ಹನಿ ಬಿಟ್ಟು, ಒಂದು ಅಚ್ಚಿನ ಕಾಗದ ಮುಂದಿಟ್ಟು, "ಹಂ, ಒತ್ರಿ ಸರ್ರ" ಎಂದಳು. ನೋಡುತ್ತೇನೆ, ನನ್ನ ಹೆಬ್ಬೆರಳು ಆಗಲೇ ಮುಷ್ಟಿಯೊಳಗೆ ಹೋಗಿ ಕುಳಿತಿತ್ತು.

"ಓದತೇನಿ ತಡೀಬೇ," ಎಂದೆ.

"ಅದರಾಗೇನ ಐತ್ರಿ ಓದೂದು? ವರ್ಷಾ ಇದಕ್ಕ ಸಹಿ ಮಾಡತೀರಲ್ಲ."

ಕನ್ನಡಕ ಹಾಕಿ ಓದಿದೆ. ನಾನು ಜೀವಂತವಿದ್ದೇನೆ ಎಂಬಲ್ಲಿಯತನಕ ಎಲ್ಲ ಸರಿಯಿತ್ತು. ಅದರ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದೆ: "ನನ್ನ ಪತಿಯ ಮರಣಾನಂತರ ನಾನು ಮರುಮದುವೆಯಾಗಿರುವುದಿಲ್ಲವೆಂದು ದೃಢೀಕರಿಸುತ್ತೇನೆ."

ಹಿಂದೆ ಸರದಿಯಲ್ಲಿ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ತರುಣಿ ಓಡಿಹೋಗಿ ಹಳೆಯ ಫೈಲು ತಂದಳು. ತೆಗೆದು ನೋಡಿದರೆ ಹಿಂದಿನ ನಾಲ್ಕು ವರ್ಷವೂ ಅದೇ ಕಾಗದ. ಯಾರೋ ಒಂದು ವರ್ಷ ವಿಧವೆಯರ ನಮೂನೆಯನ್ನು ನನ್ನ ಫೈಲಿಗೆ ಹಾಕಿದ್ದಾರೆ, ನಾನೂ ಹೆಂಡತಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗ ನಾಲ್ಕು ಸಲ ಗಂಡ ಸತ್ತವಳಾಗಿ, ಮುತ್ತಿನಂಥ ಅಕ್ಷರದಲ್ಲಿ ಸಹಿ ಮಾಡಿ ಹೋಗಿದ್ದೇನೆ. ತರುಣಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಹಿಂದಿನಿಂದ ಒಬ್ಬರು, "ಮಾಸ್ತರ, ಮತ್ತ ಲಗ್ನಾ ಆಗೂ ವಿಚಾರ ಐತೇನ್ರಿ?" ಎಂದರು. ಸರಿಯಾದ ಕಾಗದ ಬರುವತನಕ ನಾನು ಮುಷ್ಟಿ ಬಿಚ್ಚಲಿಲ್ಲ.

ಅದೇ ಸಂಜೆ ಚೌಕಕ್ಕೆ ಹೋದೆ. ಟಂಟಂನಿಂದ ಹೆಣ್ಣುಮಕ್ಕಳು ಇಳಿಯುತ್ತಿದ್ದರು. ದುಂಡವ್ವನನ್ನು ಕರೆದು ಎಲ್ಲ ಹೇಳಿದೆ. ಇಂಥ ಸುದ್ದಿಯನ್ನು ಹೇಳಿಕೊಳ್ಳಲು ಊರಲ್ಲಿ ಅವಳಿಗಿಂತ ತಕ್ಕವರು ನನಗೆ ಯಾರೂ ತೋಚಲಿಲ್ಲ. ಅವಳು ಬುತ್ತಿಯ ಖಾಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಾನೂ ನಕ್ಕೆ. ನಕ್ಕು ಸಾಕಾದ ಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಖರೆಯೇ ತಿಳಿದುಕೊಳ್ಳಬೇಕೆಂದು ಕೇಳಿದಳು.

"ಅಲ್ರಿ ಮಾಸ್ತರ, ನಮಗ ಓದಾಕ ಬರೂದಿಲ್ಲಂತ ನಿಮ್ಮನ್ನ ನಂಬಿ ಒತ್ತಿದ್ವಿ. ಓದಾಕ ಬರೂ ನೀವು ಯಾರನ್ನ ನಂಬಿ ಸಹಿ ಮಾಡಿದ್ರಿ?"

ಎಷ್ಟೋ ಮಕ್ಕಳಿಗೆ ಓದು ಕಲಿಸಿದವನು ನಾನು. ಅವಳ ಬಾಜೂಕ್ಕೆ ಕಟ್ಟೆಯ ಮೇಲೆ, ಬೆನ್ನಿಗೆ ಆಸರೆಯಿಲ್ಲದ ಆ ಕಲ್ಲಿನ ಮೇಲೆ, ಬಹಳ ಹೊತ್ತು ನೆಟ್ಟಗೆ ಕುಳಿತೆ.